ಬಡಿಸುವ ಮೊದಲು ಒಂದು ಗುಟುಕು

ಜೂನ್ ತಿಂಗಳ ಕೊನೆಯ ದಿನ ದಿನಚರಿಯಲ್ಲಿ ಅರ್ಧ ವರ್ಷದ ಲೆಕ್ಕ ಬರೆದೆ. ರುಚಿ ನೋಡಿದ ವೈನ್ ಮೂವತ್ತೊಂದು. ಕೆಲಸಕ್ಕೆ ಹಾಕಿದ ಅರ್ಜಿ ಹತ್ತೊಂಬತ್ತು. ಬಂದ ಉತ್ತರ ಎರಡು, ಎರಡೂ ಇಲ್ಲ ಎಂದು. ಅದರ ಕೆಳಗೆ ಇನ್ನೊಂದು ಸಾಲು ಸೇರಿಸಿದೆ: ದೀಪಾವಳಿಯವರೆಗೆ ಸಮಯ.

ಆ ಗಡುವು ಹಾಕಿದ್ದು ಅಪ್ಪ. ಅವರು ಉಡುಪಿಯಲ್ಲಿ ಮದುವೆ, ಗೃಹಪ್ರವೇಶಗಳ ಊಟಕ್ಕೆ ಅಡುಗೆ ಮಾಡುವವರು. ದೀಪಾವಳಿ ಕಳೆದರೆ ಮದುವೆಗಳು ಸಾಲುಗಟ್ಟುತ್ತವೆ. ಹಿಂದಿನ ವರ್ಷದಿಂದ ಅವರ ಬಲಭುಜ ಸೋತಿತ್ತು, ಕೊಪ್ಪರಿಗೆ ಇಳಿಸುವಾಗ ಮುಖ ಕಿವಿಚುತ್ತಿದ್ದರು. ಕೆಲಸ ಸಿಗದಿದ್ದರೆ ಆ ಕೊಪ್ಪರಿಗೆಯ ಇನ್ನೊಂದು ಬದಿಯ ಹಿಡಿಬಳೆ ನಾನು ಹಿಡಿಯಬೇಕು. ಒಮ್ಮೆ ಹಿಡಿದರೆ ಮತ್ತೆ ಬಿಡಲಾಗುವುದಿಲ್ಲ ಎಂಬುದು ನನಗೆ ಗೊತ್ತಿತ್ತು.

ವೈನ್ ಎಂಬುದು ನನ್ನೊಳಗೆ ಬಂದದ್ದು ಮಣಿಪಾಲದಲ್ಲಿ, ಹೋಟೆಲ್ ಮ್ಯಾನೇಜ್‌ಮೆಂಟ್ ಓದುವಾಗ. ಒಂದು ತರಗತಿಯಲ್ಲಿ ಮೇಷ್ಟ್ರು ಎಲ್ಲರ ಗ್ಲಾಸಿಗೂ ಹೆಬ್ಬೆರಳಿನ ಎತ್ತರಕ್ಕೆ ಕೆಂಪು ವೈನ್ ಸುರಿದರು. ಉಳಿದವರು ಒಂದೇ ಗುಟುಕಿಗೆ ಮುಗಿಸಿ ನಕ್ಕರು. ನಾನು ಮೂಗು ಇಟ್ಟವನು ತೆಗೆಯಲಿಲ್ಲ. ಪುನರ್ಪುಳಿಯ ಸಿಪ್ಪೆ ಬಿಸಿಲಿಗೆ ಒಣಗುವಾಗಿನ ವಾಸನೆ, ಅದರ ಹಿಂದೆ ನೇರಳೆ ಹಣ್ಣು, ಇನ್ನೂ ಹಿಂದೆ ತೆಂಗಿನ ಸಿಪ್ಪೆಯ ಹೊಗೆ. ಒಂದು ಗ್ಲಾಸಿನೊಳಗೆ ಇಷ್ಟು ಕೋಣೆಗಳಿವೆಯೆಂದು ನಾನು ಎಣಿಸಿರಲಿಲ್ಲ. ಇದನ್ನೇ ಮಾಡುತ್ತೇನೆ ಎಂದು ಆ ದಿನ ಬರೆದಿಟ್ಟಿದ್ದೇನೆ.

ಕೋರ್ಸ್ ಮುಗಿದ ಮೇಲೆ ಮಣಿಪಾಲದ ಬಾಡಿಗೆ ಕೋಣೆಯಲ್ಲಿ ಒಬ್ಬನೇ ಕಲಿತೆ. ಸ್ಟೀಲಿನ ಲೋಟದಲ್ಲಿ ವಾಸನೆ ನಿಲ್ಲುವುದಿಲ್ಲವೆಂದು ಗಾಜಿನದ್ದು ಒಂದೇ ಒಂದು ಕೊಂಡಿದ್ದೆ. ಒಮ್ಮೆ ಯಾವುದೋ ಕೆಲಸಕ್ಕೆ ಕಾರ್ಕಳಕ್ಕೆ ಹೋದಾಗ 'ವೈನ್ಸ್' ಎಂದು ದೊಡ್ಡದಾಗಿ ಬರೆದ ಅಂಗಡಿಗೆ ಹೊಕ್ಕೆ.

"ವೈನ್ ಉಂಟಾ?"

ಅಂಗಡಿಯವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಔಷಧಿಗಾ? ಮನೆಯಲ್ಲಿ ಯಾರಿಗಾದರೂ ಹುಷಾರಿಲ್ವಾ?"

"ಇಲ್ಲ, ನನಗೇ."

"ನಿಮ್ಗೆ ಎಂತಕ್ಕೆ ಮಾರಾಯ್ರೆ? ಇಲ್ಲಿ ಅದನ್ನು ಕೇಳುವವರು ವರ್ಷಕ್ಕೆ ಒಬ್ಬರೋ ಇಬ್ಬರೋ."

ಮೇಲಿನ ಹಲಗೆಯಿಂದ ಒಂದು ಬಾಟಲಿ ತೆಗೆದು ಧೂಳು ಒರೆಸಿ ಕೊಟ್ಟರು. ಎಷ್ಟು ಬೇಸಿಗೆ ಕಂಡಿತ್ತೋ, ತೆರೆದರೆ ಬರೀ ಉಪ್ಪಿನಕಾಯಿ ಭರಣಿ. ಅದನ್ನೂ ಲೆಕ್ಕಕ್ಕೆ ಸೇರಿಸಿದೆ. ಕೆಟ್ಟದ್ದು ಹೇಗಿರುತ್ತದೆಂದು ತಿಳಿದಿರಬೇಕಲ್ಲ.

ಆಗಸ್ಟ್‌ನಲ್ಲಿ ಮನೆಗೆ ಹೋದಾಗ ನನ್ನ ಚೀಲದಲ್ಲಿದ್ದ ಅರ್ಧ ಬಾಟಲಿ ಅಪ್ಪನ ಕಣ್ಣಿಗೆ ಬಿತ್ತು. ಬೈಯುತ್ತಾರೆಂದು ಕಾದೆ. ಅವರು ಅದನ್ನು ಬಾಳೆ ಎಲೆ ತಿರುಗಿಸುವ ಹಾಗೆ ಎರಡೂ ಬದಿ ನೋಡಿದರು.

"ಇದು ಕುಡಿಯುವುದೇ ಕೆಲಸವಾ?"

"ಕುಡಿಯುವುದಲ್ಲ ಅಪ್ಪ. ರುಚಿ ನೋಡಿ ಉಗುಳುವುದು."

"ಉಗುಳ್ಲಿಕ್ಕೆ ಸಂಬಳ ಕೊಡ್ತಾರಾ?" ಎಂದು ಬಾಟಲಿಯನ್ನು ಮತ್ತೆ ಚೀಲದಲ್ಲೇ ಇಟ್ಟರು. "ದೀಪಾವಳಿ. ನೆನಪುಂಟಲ್ಲ?"

ಇಪ್ಪತ್ತನೆಯ ಅರ್ಜಿಗೆ ಉತ್ತರ ಬಂತು. ಕಾಪುವಿನ ಕಡಲ ದಂಡೆಯ ಒಂದು ರೆಸಾರ್ಟ್‌ನಲ್ಲಿ ವೈನ್ ಬಡಿಸಲು ಒಬ್ಬರು ಬೇಕಿತ್ತು. ಅಲ್ಲಿನ ಮ್ಯಾನೇಜರ್ ಮಂಗಳೂರಿನವರು, ಮಾತು ಕಡಿಮೆಯ ಮಹಿಳೆ. ಸಂದರ್ಶನದಲ್ಲಿ ಮೂರು ಗ್ಲಾಸ್ ಇಟ್ಟು ಹೇಳಿ ಎಂದರು. ಎರಡನೆಯದಕ್ಕೆ ಮೂಗು ತಾಗಿಸಿದ ಕೂಡಲೇ, "ಇದು ಕೆಟ್ಟಿದೆ ಮೇಡಂ, ಒದ್ದೆ ಗೋಣಿಯ ವಾಸನೆ," ಎಂದೆ. ಅವರು ಮೊದಲ ಸಲ ತಲೆ ಎತ್ತಿ, "ನಿಮ್ಮ ಮೂಗು ಒಳ್ಳೆಯದುಂಟು. ಶನಿವಾರ ಸಂಜೆ ಬನ್ನಿ, ಒಂದು ದಿನ ಕೆಲಸ ಮಾಡಿ ನೋಡುವ," ಎಂದರು. ಉಡುಪಿಯ ಬಸ್ಸಿನಲ್ಲಿ ಕಿಟಕಿಗೆ ತಲೆಯಿಟ್ಟು ಒಬ್ಬನೇ ನಗುತ್ತಿದ್ದೆ.

ಶನಿವಾರ, ಸೆಪ್ಟೆಂಬರ್. ಹೊಸದಾಗಿ ಬಂದ ಬಿಳಿ ವೈನ್ ಒಂದಿತ್ತು, ಅಲ್ಲಿ ಯಾರೂ ಅದುವರೆಗೆ ಕುಡಿದಿರಲಿಲ್ಲ. ಮ್ಯಾನೇಜರ್ ಒಂದೇ ನಿಯಮ ಹೇಳಿದ್ದರು: ಬಾಟಲಿ ತೆರೆದವರು ಒಂದು ಗುಟುಕು ರುಚಿ ನೋಡಿಯೇ ಅತಿಥಿಗೆ ಬಡಿಸಬೇಕು. ದೀಪಸ್ತಂಭದ ಬೆಳಕು ಸುತ್ತಿ ಸುತ್ತಿ ಬರುವ ಕಡೆಯ ಮೇಜಿನಲ್ಲಿ ಗಂಡ ಹೆಂಡತಿ ಕೂತಿದ್ದರು. ಗಂಡ ದುಬೈಯಿಂದ ರಜೆಯಲ್ಲಿ ಬಂದವರು.

"ಇವಳಿಗೆ ಸ್ವಲ್ಪ ಸಿಹಿ ಇರುವಂಥದ್ದು ಕೊಡಿ. ಹುಳಿಯಾದ್ರೆ ಮುಟ್ಟುವುದಿಲ್ಲ."

ಒಳಗೆ ಹೋಗಿ ಬಾಟಲಿ ತೆರೆದೆ. ಸಣ್ಣ ಗ್ಲಾಸಿಗೆ ಸುರಿದೆ. ಹಲಸಿನ ತೊಳೆ, ಜೇನು, ಮಲ್ಲಿಗೆಯ ಚೆಂಡು, ಎಲ್ಲ ಒಟ್ಟಿಗೆ ಎದ್ದು ಬಂತು. ಗ್ಲಾಸನ್ನು ತುಟಿಯತ್ತ ಎತ್ತಿದೆ, ಕೈ ಅರ್ಧದಲ್ಲಿ ನಿಂತಿತು. ಹೊರಗೆ ಅವರು ಕಾಯುತ್ತಿದ್ದರು. ಬಡಿಸಲಿಕ್ಕಿರುವುದನ್ನು ನಾನು ಹೇಗೆ ಬಾಯಿಗಿಡಲಿ?

ಅಪ್ಪನ ಅಡುಗೆಮನೆಯಲ್ಲಿ ಯಾರೂ ರುಚಿ ನೋಡುವುದಿಲ್ಲ. ಮೊದಲು ದೇವರಿಗೆ, ಆಮೇಲೆ ಪಂಕ್ತಿಗೆ. ನಡುವೆ ಯಾರ ಬಾಯಿಗೆ ಹೋದರೂ ಅದು ಎಂಜಲು. ಅಪ್ಪ ಸೌಟು ಎತ್ತಿ, ಹಬೆಯನ್ನು ಕೈಯಿಂದ ಮೂಗಿನತ್ತ ತಂದುಕೊಂಡು, "ಉಪ್ಪು ಒಂದು ಚಿಟಿಕೆ ಕಮ್ಮಿ," ಎನ್ನುತ್ತಾರೆ. ಉಪ್ಪಿಗೆ ವಾಸನೆಯಿಲ್ಲವೆಂದು ಓದಿದ್ದೇನೆ. ಅಪ್ಪನ ಲೆಕ್ಕ ತಪ್ಪಿದ್ದು ಮಾತ್ರ ನೋಡಿಲ್ಲ. ಸೌಟಿನ ಎದುರು ಮೂಗು ಹಿಡಿಯುವುದನ್ನು ನನಗೂ ಅಲ್ಲೇ ಕಲಿಸಿದ್ದರು. ಕೋಣೆಯಲ್ಲಿ ಒಬ್ಬನೇ ಕುಡಿಯುವಾಗ ನಾನು ಉಣ್ಣುವವನಾಗಿದ್ದೆ. ಇಲ್ಲಿ ಬಡಿಸುವವನು.

ಗ್ಲಾಸನ್ನು ಕೆಳಗಿಟ್ಟು ಬಾಟಲಿಯನ್ನು ಹೊರಗೆ ತಂದೆ. "ಸಿಹಿ ಉಂಟು ಮೇಡಂ," ಎಂದು ಸುರಿದೆ.

ಆಕೆ ಒಂದು ಗುಟುಕು ಕುಡಿದು ಕಣ್ಣು ಮುಚ್ಚಿಕೊಂಡರು. "ಅಯ್ಯೋ ಹುಳಿ, ಬಿಂಬುಳಿ ಕಾಯಿ ಕಚ್ಚಿದ ಹಾಗೆ ಉಂಟು!"

ಗಂಡ ತಾನೂ ಕುಡಿದು ನನ್ನತ್ತ ತಿರುಗಿದರು. "ನೀವು ಕುಡಿದು ನೋಡಿದ್ದೀರಾ?"

"ಇಲ್ಲ ಸರ್."

"ಮತ್ತೆ ಸಿಹಿ ಅಂತ ಹೇಗೆ ಗೊತ್ತಾಯ್ತು ಮಾರಾಯ್ರೆ, ಕನಸು ಬಿತ್ತಾ?"

ಪಕ್ಕದ ಮೇಜಿನವರು ನಕ್ಕರು. ಒಳಗೆ ಮ್ಯಾನೇಜರ್ ಆ ಬಾಟಲಿಯಿಂದಲೇ ಒಂದು ಗ್ಲಾಸ್ ಸುರಿದು ನನ್ನ ಎದುರಿಟ್ಟರು. ಕುಡಿದೆ. ಮೂಗಿಗೆ ಜೇನು ತೋರಿಸಿ ನಾಲಿಗೆಗೆ ಸಿಹಿಯ ಒಂದು ಹನಿಯನ್ನೂ ಕೊಡದ ವೈನ್ ಅದು. ಹಣ್ಣಿನ ವಾಸನೆಯನ್ನು ಸಿಹಿಯೆಂದು ತಿಳಿಯಬಾರದು ಎಂಬುದು ಮೊದಲ ಪಾಠದಲ್ಲೇ ಇತ್ತು.

"ಮೂಗು ಉಂಟು. ಬಾಯಿಗೆ ಎಂತ ಆಯ್ತು?"

ಇದ್ದದ್ದನ್ನು ಹೇಳಿದೆ. ಅವರು ನಗಲಿಲ್ಲ. "ಮುಂದಿನ ಶನಿವಾರ ಇನ್ನೊಮ್ಮೆ ಬನ್ನಿ. ನಾನು ಎದುರೇ ನಿಂತು ನೋಡ್ತೇನೆ. ಇದು ಕೊನೆ."

ಆ ವಾರ ನಾನು ಮನೆಯಲ್ಲೇ ಉಳಿದೆ. ಮಧ್ಯಾಹ್ನ ಅಪ್ಪನಿಗೆ ಬಡಿಸುವ ಮೊದಲು ಸಾರಿನ ಒಂದು ಹನಿ ಬಾಯಿಗೆ ಹಾಕಿಕೊಳ್ಳುವುದು ನನ್ನ ಅಭ್ಯಾಸಪಾಠ. ಸೋಮವಾರ ಆಗಲಿಲ್ಲ. ಮಂಗಳವಾರ ಆಗಲಿಲ್ಲ. ಬುಧವಾರ ಚಮಚ ತುಟಿಯವರೆಗೆ ಬಂದು ವಾಪಸು ಹೋಯಿತು. ಒಂದು ಚಮಚ ಸಾರಿನ ಎದುರು ಸೋಲುವವನಿಗೆ ಯಾರು ಕೆಲಸ ಕೊಡುತ್ತಾರೆ ಎಂದು ಬಚ್ಚಲಲ್ಲಿ ನೀರು ಬಿಟ್ಟುಕೊಂಡು ಅತ್ತೆ.

ಗುರುವಾರ ಕುಕ್ಕುಂದೂರಿನಲ್ಲಿ ಗೃಹಪ್ರವೇಶದ ಊಟ. ಅಪ್ಪನ ಜೊತೆ ಹೋದೆ. ಪಾಯಸ ಕುದಿಯುತ್ತಿತ್ತು. ನನ್ನ ಕೈಯಲ್ಲಿ ಸೌಟಿತ್ತು, ಸುತ್ತ ಯಾರೂ ಇರಲಿಲ್ಲ. ಸೌಟು ಬಾಯಿಯ ಹತ್ತಿರ ಬಂದಾಗ ಹಿಂದಿನಿಂದ ಅಪ್ಪನ ದನಿ.

"ಎಂತ ಮಾಡ್ತೀ?"

ಎಲ್ಲ ಹೇಳಿದೆ. ಕಾಪು, ಬಿಂಬುಳಿ, ಶನಿವಾರ. ಅವರು ನನ್ನ ಕೈಯಿಂದ ಸೌಟು ತೆಗೆದುಕೊಂಡರು.

"ಇಲ್ಲಿ ಮಾಡಬೇಡ ಮಗಾ. ಗೊತ್ತಾದರೆ ನನ್ನನ್ನು ಯಾರೂ ಕರೆಯುವುದಿಲ್ಲ."

"ಅಲ್ಲಿ ಮಾಡದಿದ್ದರೆ ನನ್ನನ್ನು ಯಾರೂ ಕರೆಯುವುದಿಲ್ಲ ಅಪ್ಪ."

ಅವರು ಪಾಯಸ ಕಲಕಿದರು. ಊಟ ಮುಗಿದು, ಪಾತ್ರೆ ತೊಳೆಯುವ ಮೊದಲು, ತಳದಲ್ಲಿ ಉಳಿದಿದ್ದ ಸಾರನ್ನು ಒಂದು ಲೋಟಕ್ಕೆ ಹಾಕಿ ನನಗೆ ಕೊಟ್ಟರು. ತಾವು ಎಲೆಯ ಎದುರು ಕೂತರು. "ಈಗ ಕುಡಿ. ಆಮೇಲೆ ನನಗೆ ಬಡಿಸು."

ಕುಡಿದೆ. ಅದೇ ಲೋಟದಿಂದ ಅವರ ಅನ್ನಕ್ಕೆ ಸುರಿದೆ. ಅಪ್ಪ ತಲೆ ಎತ್ತದೆ ಉಂಡರು.

ಶನಿವಾರ ಕಾಪುವಿನಲ್ಲಿ ಏಳು ಬಾಟಲಿ ತೆರೆದೆ. ಏಳಕ್ಕೂ ಒಂದೊಂದು ಗುಟುಕು ಕುಡಿದೇ ಬಡಿಸಿದೆ. ಯಾರೂ ಮುಖ ಕಿವಿಚಲಿಲ್ಲ. ಮ್ಯಾನೇಜರ್ "ಸರಿ ಉಂಟು" ಎಂದರು. ಆ ಎರಡು ಪದಗಳನ್ನು ದಿನಚರಿಯಲ್ಲಿ ದೊಡ್ಡದಾಗಿ ಬರೆದೆ.

ಮಂಗಳವಾರ ಅವರ ಕರೆ ಬಂತು. ಈ ವರ್ಷ ಹೊಸಬರು ಬೇಡ, ಇರುವವರೇ ವೈನ್ ನೋಡಿಕೊಳ್ಳಲಿ ಎಂದು ಮಾಲೀಕರು ಹೇಳಿದ್ದರಂತೆ. "ನಿಮ್ಮ ತಪ್ಪಲ್ಲ," ಎಂದರು. ತಪ್ಪಾಗಿದ್ದರೆ ತಿದ್ದಬಹುದಿತ್ತು.

ದೀಪಾವಳಿ ಕಳೆದ ಮೇಲೆ ಎಲ್ಲೂರಿನ ಮದುವೆಯಲ್ಲಿ ಕೊಪ್ಪರಿಗೆಯ ಇನ್ನೊಂದು ಬಳೆ ಹಿಡಿದೆ. ಒಲೆಯ ಮೇಲೆ ತರಕಾರಿ ಹುಳಿ ಕುದಿಯಿತು. ಅಪ್ಪ ಸೌಟು ಎತ್ತಿ ನನ್ನ ಮೂಗಿನ ಹತ್ತಿರ ಹಿಡಿದರು.

"ಉಪ್ಪು?"

ಕೊತ್ತಂಬರಿ ಬಂತು, ಇಂಗು ಬಂತು, ಬೆಲ್ಲ ಬಂತು. ನಾಲಿಗೆ ತನ್ನ ಸರದಿಗೆ ಕಾಯುತ್ತಾ ಒದ್ದೆಯಾಯಿತು. ಮೊದಲೆಲ್ಲ ಇಷ್ಟರಲ್ಲಿ ನಾನು ಏನಾದರೊಂದು ಹೇಳಿರುತ್ತಿದ್ದೆ.

"ಗೊತ್ತಾಗುವುದಿಲ್ಲ ಅಪ್ಪ. ಕುಡಿಯದೆ ಗೊತ್ತಾಗುವುದಿಲ್ಲ."

ಅವರು ಸೌಟನ್ನು ತಮ್ಮ ಮೂಗಿನತ್ತ ತಿರುಗಿಸಿದರು. ಎಡಗೈಯಿಂದ ಒಂದು ಮುಷ್ಟಿ ಉಪ್ಪು ಹಾಕಿದರು.

ವಾಪಸು ಬರುವ ಟೆಂಪೋದಲ್ಲಿ ಪಾತ್ರೆಗಳ ನಡುವೆ ಕೂತು ಫೋನಿನಲ್ಲಿ ಇಪ್ಪತ್ತೊಂದನೆಯ ಅರ್ಜಿ ಬರೆದೆ, ವಿಜಯಪುರದ ಕಡೆಯ ಒಂದು ವೈನರಿಗೆ. ಅನುಭವ ಎಂಬ ಜಾಗದಲ್ಲಿ ಬಹಳ ಹೊತ್ತು ಬೆರಳು ನಿಂತಿತ್ತು. ಕೊನೆಗೆ ಬರೆದೆ: ಬಡಿಸುವ ಮೊದಲು ರುಚಿ ನೋಡುತ್ತೇನೆ.