ಬೆಳಕಿನ ಹಿಂದೆ ಬರುವ ಸದ್ದು

ನಾನೂ ನನ್ನ ಅಣ್ಣನೂ ಬಾಣಬಿರುಸು ಪ್ರದರ್ಶನದ ಕೆಲಸ ಮಾಡುತ್ತಿದ್ದೆವು. ಎಲೆಕ್ಟ್ರಾನಿಕ್ ಸಿಟಿಯ ಕಂಪನಿಗಳು ಕರೆದರೆ ಸಾಕು, ಚಂದಾಪುರದಿಂದ ನಮ್ಮ ಟೆಂಪೊ ಹೊರಡುತ್ತಿತ್ತು. ನೋಡುವವರಿಗೆ ಅದು ಸಂಭ್ರಮ, ನಮಗೆ ಬರೀ ಲೆಕ್ಕ. ಮದ್ದು ತುಂಬಿದ ಗುಂಡು ಕೊಳವೆಯಿಂದ ಹಾರಿ ಮೇಲೆ ಒಡೆಯಲು ಮೂರು ಸೆಕೆಂಡು ಬೇಕು. ಹಾಡಿನ ತಾಳಕ್ಕೆ ಬೆಳಕಿನ ಹೂವು ಅರಳಬೇಕಾದರೆ ಅಷ್ಟು ಮೊದಲೇ ಸ್ವಿಚ್ ಒತ್ತಬೇಕು. ಗುಂಡಿನೊಳಗಿನ ಬತ್ತಿಗೆ ಎತ್ತರ ಗೊತ್ತಾಗುವುದಿಲ್ಲ. ಮೇಲೇರಲಿ, ಬಿಡಲಿ, ಮೂರನೇ ಸೆಕೆಂಡಿಗೆ ಒಡೆದೇ ಒಡೆಯುತ್ತದೆ.

ಒಂದು ಸಂಜೆ ಕಂಪನಿಯೊಂದರ ಮೈದಾನದಲ್ಲಿ ಎಲ್ಲ ಜೋಡಿಸುತ್ತಿದ್ದಾಗ ಮಳೆಹನಿ ಶುರುವಾಯಿತು. ಹನಿ ಬಂದರೆ ಗುಂಡು ತುಂಬಿದ ಕೊಳವೆಗಳ ಬಾಯಿಗೆ ಅಲ್ಯೂಮಿನಿಯಂ ಹಾಳೆ ಮುಚ್ಚುತ್ತೇವೆ. ಹಾರುವ ಗುಂಡು ಅದನ್ನು ಹರಿದುಕೊಂಡು ಹೋಗುತ್ತದೆ. ನಾನೇ ತುಂಬಿ, ನಾನೇ ಮುಚ್ಚಿದೆ. ಕೊಳವೆಗೆ ಒಂದರಂತೆ ಎಣಿಸಿಯೇ ಗುಂಡು ತರುತ್ತಿದ್ದೆವು. ಆಮೇಲೆ ನೋಡಿದರೆ ಡಬ್ಬದಲ್ಲಿ ದೊಡ್ಡ ಗುಂಡೊಂದು ಉಳಿದಿತ್ತು. ಅಂದರೆ ಯಾವುದೋ ದೊಡ್ಡ ಕೊಳವೆಯಲ್ಲಿ ಸಣ್ಣ ಗುಂಡು ಕೂತಿರಬೇಕು. ಕೊಳವೆ ಸಡಿಲವಾದರೆ ಒತ್ತಡವೆಲ್ಲ ಪಕ್ಕದಲ್ಲಿ ಸೋರಿಹೋಗಿ ಗುಂಡು ಮೇಲೇಳುವುದಿಲ್ಲ. ಹಾಳೆ ಬಿಚ್ಚಿ ನೋಡಲು ಕಾಲು ಗಂಟೆ ಸಾಕಿತ್ತು. ಆದರೆ ಕಂಪನಿಯ ಮ್ಯಾನೇಜರ್ ಆಗಲೇ ಎರಡು ಸಲ ಬಂದು ತಡವಾಯಿತೆಂದು ರೇಗಿದ್ದ. ಅಣ್ಣ ಒಂದು ಹೆಚ್ಚಿಗೆ ತಂದಿರಬೇಕು ಎಂದು ನನಗೆ ನಾನೇ ಸುಳ್ಳು ಹೇಳಿಕೊಂಡೆ. ಕೇಳಿದರೆ ದಡ್ಡಿ ಅಂದುಬಿಡುತ್ತಾನೆ ಎಂಬ ಒಣಜಂಭ ಬೇರೆ.

ಕಿಡಿ ಬಿದ್ದರೆ ಆರಿಸಲು ಅಣ್ಣ ಕೊಳವೆಗಳ ಹತ್ತಿರ, ಮರಳುಚೀಲಗಳ ಹಿಂದೆ ಕೂತ. ನಾನು ಮೈದಾನದ ಈ ತುದಿಯಲ್ಲಿದ್ದೆ. ವಾಕಿಟಾಕಿಯಲ್ಲಿ ಅವನು, "ಎಲ್ಲಾ ನೋಡ್ಕೊಂಡ್ಯಾ?" ಅಂದ.

"ನೋಡ್ಕೊಂಡಿದೀನಿ ಕಣಣ್ಣ," ಅಂದೆ.

ಆರು ದೊಡ್ಡ ಗುಂಡುಗಳು ಸರಿಯಾಗಿ ಅರಳಿದವು. ಏಳನೆಯದಕ್ಕೆ ಸ್ವಿಚ್ ಒತ್ತಿದೆ. ಅದು ಆಳೆತ್ತರ ಎದ್ದು ಮರಳುಚೀಲಗಳ ಆಚೆ, ಅಣ್ಣನ ಕಡೆಗೇ ಬಿತ್ತು. ಒಂದು, ಎರಡು. ಓಡು ಅಂತ ಕೂಗಿದೆನೋ, ಬರೀ ಅತ್ತೆನೋ, ಇವತ್ತಿಗೂ ಗೊತ್ತಿಲ್ಲ. ಅವನಿದ್ದ ಜಾಗವೆಲ್ಲ ಬೆಳ್ಳಗಾಯಿತು. ದೂರದಿಂದ ನೋಡುವವರಿಗೆ ಬೆಳಕು ಮೊದಲು, ಸದ್ದು ಆಮೇಲೆ. ಆ ನಡುವಿನ ಅರೆಕ್ಷಣದಲ್ಲಿ, ದೇವರೇ, ಸದ್ದು ಬಾರದಿರಲಿ ಎಂದು ಬೇಡಿಕೊಂಡೆ. ಬಂತು.

ಅಣ್ಣ ಬದುಕಿದ. ಎರಡೂ ಕಿವಿ ಹೋದವು. ಹಳೆಯ ಕೊಳವೆ ತಂದದ್ದು ತನ್ನದೇ ತಪ್ಪು ಎಂದು ಇವತ್ತಿಗೂ ತನ್ನನ್ನು ತಾನೇ ಬೈದುಕೊಳ್ಳುತ್ತಾನೆ. ಉಳಿದ ಗುಂಡಿನ ವಿಷಯ ನಾನು ಹೇಳಿಲ್ಲ. ಈಗ ಹೇಳಿದರೆ ಕೇಳಿಸುವುದಿಲ್ಲ, ಬರೆದು ತೋರಿಸಬೇಕು. ಎಷ್ಟೋ ಸಲ ಕಾಗದ ಹಿಡಿದು ಕೂತಿದ್ದೇನೆ, ಕೈ ಏಳುವುದಿಲ್ಲ.

ಈ ದೀಪಾವಳಿಗೆ ಇಬ್ಬರೂ ತಾರಸಿಯ ಮೇಲೆ ಕೂತಿದ್ದೆವು. ದೂರದಲ್ಲಿ ಯಾರೋ ಬಾಣ ಬಿಟ್ಟರು. ಬೆಳಕು ಅರಳಿದ ಕೂಡಲೇ ಅಣ್ಣ ಆಕಾಶ ಬಿಟ್ಟು ನನ್ನ ಮುಖ ನೋಡತೊಡಗಿದ. ಹಿಂದೆಯೇ ಬಂದ ಸದ್ದಿಗೆ ನಾನು ಬೆಚ್ಚಿಬಿದ್ದೆ.

"ಈಗ ಬಂತಾ?" ಅಂದ.

ತಲೆಯಾಡಿಸಿದೆ.