ಅಕ್ಕನ ತೋಳಿನ ಕೆಂಪು ಗುರುತು

“ನೋಡ್ರಿ ಮೇಡಂ, ಹ್ಯಾಂಗ ಚಿವುಟ್ಯಾಳ!”

ಮಸ್ಕಿಯ ನನ್ನ ಫಿಸಿಯೋಥೆರಪಿ ಕೋಣೆಗೆ ನುಗ್ಗಿದ ಬಳಗಾನೂರಿನ ಬಸಮ್ಮ ಕೆಂಪಾದ ತೋಳು ಚಾಚಿದಳು. ಅವ್ವನ ಕಂಕುಳಲ್ಲಿದ್ದ ಅವಳ ಪುಟ್ಟ ತಂಗಿ ಹುಲಿಗೆಮ್ಮ ಕಿಸಿಕಿಸಿ ನಗುತ್ತಿದ್ದಳು.

ಸೆರೆಬ್ರಲ್ ಪಾಲ್ಸಿಯಿಂದ ಹುಲಿಗೆಮ್ಮನ ಎರಡೂ ಕೈ ಸದಾ ಮುಷ್ಟಿ ಬಿಗಿದಿರುತ್ತಿದ್ದವು. ಚಿಕಿತ್ಸೆ ಶುರುವಾದ ದಿನ, ಬೆರಳು ಬಿಡಿಸಲು ಬಂದರೆ ಮೊದಲು ಏನು ಮಾಡುತ್ತೀ ಎಂದು ಕೇಳಿದ್ದೆ. ಬಳಪ ಹಿಡಿಯುತ್ತೇನೆ ಅನ್ನುತ್ತಾಳೆ ಅಂದುಕೊಂಡಿದ್ದೆ. “ಅಕ್ಕಗ ಚಿವುಟ್ತೀನ್ರಿ, ತಲಿ ಬಾಚುವಾಗ ಕೂದ್ಲಾ ಜಗ್ಗತಾಳ” ಅಂದಿದ್ದಳು. ಆಗಲಿ ಎಂದು ಬಲಗೈಗೆ ಕಡಲೆಕಾಳು ಎತ್ತುವ ಅಭ್ಯಾಸ ಹಚ್ಚಿದ್ದೆ.

ತೊಂಬತ್ತರ ದಶಕದಲ್ಲಿ ಕಂಡ ಆ ಕೆಂಪು ಗುರುತಿಗಿಂತ ಚಂದದ ರಿಪೋರ್ಟು ನನಗೆ ಇವತ್ತಿಗೂ ಸಿಕ್ಕಿಲ್ಲ. ಬೆರಳಿನ ಚಲನೆ ಅಳೆಯುವ ಪಟ್ಟಿ ಅವತ್ತು ಮೇಜಿನ ಮೇಲೇ ಉಳಿಯಿತು. “ಇನ್ನ ಎಡಗೈಲೆ ಚಿವುಟಾಕ ಕಲಿಯೋಣು” ಅಂದೆ. ಬಸಮ್ಮ ಇನ್ನೊಂದು ತೋಳನ್ನು ತಟ್ಟನೆ ಬೆನ್ನ ಹಿಂದೆ ಬಚ್ಚಿಟ್ಟಳು.