ನನ್ನ ಕೈತಪ್ಪಿದ ನರ್ಸಮ್ಮನ ಪುಸ್ತಕ

ಸಿಂಧನೂರಿನ ನನ್ನ ಅಂಗಡಿಗೆ ಬರುವವರಲ್ಲಿ ಹೆಚ್ಚಿನವರು ಲಗ್ನಪತ್ರಿಕೆ ಮಾಡಿಸಲು ಬರುತ್ತಾರೆ. ಬೋರ್ಡಿನ ಮೇಲೆ ‘ಪ್ರಕಾಶನ’ ಎಂದು ದೊಡ್ಡದಾಗಿ ಬರೆಸಿದ್ದೇನೆ. ಅದನ್ನು ನನ್ನ ಹೆಸರೆಂದು ತಿಳಿದು “ಪ್ರಕಾಶಣ್ಣ ಅದಾರೇನ್ರೀ?” ಎಂದು ಕೇಳಿದವರೂ ಇದ್ದಾರೆ. ಅಚ್ಚು ಹಾಕುವುದು ಬೇರೆ, ಪ್ರಕಟಿಸುವುದು ಬೇರೆ ಎಂದು ಮೊದಮೊದಲು ಎಲ್ಲರಿಗೂ ಬಿಡಿಸಿ ಹೇಳುತ್ತಿದ್ದೆ. ಅಚ್ಚು ಯಂತ್ರದ ಕೆಲಸ. ಒಬ್ಬರು ಬರೆದದ್ದನ್ನು ಓದಿ, ಇದು ಊರವರ ಕೈಗೆ ಹೋಗಬೇಕು ಎಂದು ನಿರ್ಧರಿಸಿ, ತಿದ್ದಿ, ರೂಪ ಕೊಟ್ಟು, ಅದರ ಮೇಲೆ ತನ್ನ ಹೆಸರನ್ನೂ ಹಾಕಿಕೊಳ್ಳುವವನು ಪ್ರಕಾಶಕ. ಕೇಳಿದವರು ತಲೆಯಾಡಿಸಿ, ಪತ್ರಿಕೆಯ ಮೇಲೆ ಗಣಪತಿ ಎಡಕ್ಕಿರಲೋ ಬಲಕ್ಕಿರಲೋ ಎಂದು ಮಾತು ತಿರುಗಿಸುತ್ತಿದ್ದರು.

ಅಜ್ಜನ ಕಾಲಕ್ಕೆ ನಮ್ಮ ಭಾಗದ ಶಾಲೆಗಳಲ್ಲಿ ಉರ್ದುವಿನದೇ ಕಾರುಬಾರು. ಕನ್ನಡ ಪುಸ್ತಕ ಬರಬೇಕಾದರೆ ಹೊಳೆಯಾಚೆಯಿಂದಲೇ ಬರಬೇಕಿತ್ತಂತೆ. ಮಠದವರು ಭಕ್ತರ ಕಾಣಿಕೆಯಿಂದ ಪುರಾಣ ಅಚ್ಚು ಹಾಕಿಸುತ್ತಿದ್ದರು. ಗದಗ, ಹುಬ್ಬಳ್ಳಿ ಕಡೆಯ ಪ್ರೆಸ್ಸಿನವರು ತಾವೇ ಪ್ರಕಾಶಕರಾಗಿ ಪಂಚಾಂಗ, ನಾಟಕ ಮಾರುತ್ತಿದ್ದರು. ಸ್ವಂತ ಪದ್ಯಗಳನ್ನು ಕೈಚೀಲದಲ್ಲಿ ಹೊತ್ತು ಶಾಲೆಯಿಂದ ಶಾಲೆಗೆ ತಿರುಗಿದ ಮಾಸ್ತರರೊಬ್ಬರನ್ನು ನಾನೇ ಕಂಡಿದ್ದೇನೆ. ಬರೆದವರು, ಅಚ್ಚು ಹಾಕಿಸಿದವರು, ಮಾರಿದವರು ಎಲ್ಲ ಅವರೊಬ್ಬರೇ. ಬರೆಯುವವರಿಗೂ ಓದುವವರಿಗೂ ನಡುವೆ ನಮ್ಮಂಥವರು ಸೇರಿಕೊಂಡದ್ದು ಬಹಳ ತಡವಾಗಿ.

ನಾನು ಸೇರಿಕೊಂಡದ್ದು ಒಬ್ಬ ಗೆಳೆಯನ ಜೊತೆ. ಕಾಲೇಜಿನಲ್ಲಿ ಒಂದೇ ಬೆಂಚಿನವರು. ಮಸ್ಕಿಯ ಗುಡ್ಡದ ಬಂಡೆಯ ಮೇಲೆ ಹಳೆಯ ಕಾಲದ ರಾಜ ಕೆತ್ತಿಸಿದ ಶಾಸನವನ್ನು ನೋಡಲು ಹೋದಾಗ ಅವನು, ನಮ್ಮ ಭಾಗದ ಮೊದಲ ಪ್ರಕಾಶಕ ಇವನೇ, ಇವನ ಪ್ರತಿ ಇನ್ನೂ ಖರ್ಚಾಗಿಲ್ಲ ಎಂದು ನಗಿಸಿದ್ದ. ಇಬ್ಬರೂ ಸೇರಿ ನಾಲ್ಕು ಪುಸ್ತಕ ತಂದೆವು. ಮದುವೆಯಾದ ಮೇಲೆ ಅವನು ಲಿಂಗಸುಗೂರಿಗೆ ಹೋಗಿ ಅಲ್ಲಿ ತನ್ನದೇ ಪ್ರಕಾಶನ ಶುರುಮಾಡಿದ. ಜಗಳವೇನೂ ಆಗಲಿಲ್ಲ. ಆದರೆ ಅವನ ಪ್ರತಿ ಹೊಸ ಪುಸ್ತಕ ಕೈಗೆ ಬಂದಾಗ ನಾನು ಮೊದಲು ಕಾಗದವನ್ನು ಬೆರಳಲ್ಲಿ ತಿಕ್ಕಿ ನೋಡುತ್ತಿದ್ದೆ, ನನ್ನದಕ್ಕಿಂತ ತೆಳುವಾಗಿರಲಿ ಎಂಬ ಆಸೆಯಿಂದ.

ನರ್ಸಮ್ಮ ನನ್ನ ಅಂಗಡಿಗೆ ಬಂದದ್ದು ಮೊಮ್ಮಗಳ ತೊಟ್ಟಿಲು ಕಾರ್ಯಕ್ರಮದ ಕಾರ್ಡಿಗಾಗಿ. ಪಾಮನಕಲ್ಲೂರಿನ ಸುತ್ತಲಿನ ಹಳ್ಳಿಗಳಲ್ಲಿ ಹೆರಿಗೆ ಮಾಡಿಸಿ ನಿವೃತ್ತರಾಗಿ ಮಸ್ಕಿಯಲ್ಲಿ ಮನೆ ಮಾಡಿದ್ದರು. ಕಾರ್ಡು ಟೈಪಾಗುವ ತನಕ ಒಂದು ಸಂಗತಿ ಹೇಳಿದರು. ಹೆರಿಗೆ ನೋವು ಬಂದವಳೊಬ್ಬಳನ್ನು ಟ್ರ್ಯಾಕ್ಟರಿನ ಟ್ರಾಲಿಯಲ್ಲಿ ಹಾಕಿಕೊಂಡು, ತಾವೂ ಪಕ್ಕದಲ್ಲಿ ಕುಳಿತು ಹೊರಟಿದ್ದರಂತೆ. ಟ್ರ್ಯಾಕ್ಟರ್ ಹೊಡೆಯುತ್ತಿದ್ದವನು ಗಂಡ. ಕೂಗಿದರೆ ಅವನು ಗಾಬರಿಯಾಗಿ ಗಾಡಿ ಎಲ್ಲಾದರೂ ಕೆಡವುತ್ತಾನೆಂದು ಆಕೆ ಸೆರಗು ಕಚ್ಚಿಕೊಂಡೇ ಹೆತ್ತಳು. ಆಸ್ಪತ್ರೆಯ ಮುಂದೆ ಅವನು ಹಿಂತಿರುಗಿ ನೋಡಿದಾಗ ಟ್ರಾಲಿಯಿಂದ ಇಳಿಯುವವರು ಮೂವರಾಗಿದ್ದರು.

ನಾನು ಕುರ್ಚಿಯಿಂದ ಎದ್ದುಬಿಟ್ಟೆ. ಇದನ್ನೆಲ್ಲ ಬರೆಯಿರಿ, ಪುಸ್ತಕ ನಾನು ತರುತ್ತೇನೆ ಎಂದೆ. ಅವರು ನಕ್ಕರು. ಆದರೆ ಮುಂದಿನ ತಿಂಗಳು ಒಂದು ಉದ್ದನೆಯ ನೋಟ್‌ಬುಕ್ಕಿನೊಂದಿಗೆ ಬಂದರು.

ಎರಡು ವರ್ಷ ಹಾಗೆ ನಡೆಯಿತು. ಅವರು ಬರೆದು ತರುತ್ತಿದ್ದರು, ನಾನು ಇನ್ನೂ ಬರೆಯಿರಿ ಎಂದು ಕಳಿಸುತ್ತಿದ್ದೆ. ನನಗೆ ದಪ್ಪನೆಯ ಪುಸ್ತಕ ಬೇಕಿತ್ತು. ಧಾರವಾಡದಲ್ಲಿ, ಬೆಂಗಳೂರಿನಲ್ಲಿ ಇದನ್ನು ಎತ್ತಿ ಹಿಡಿದು ಮಾತಾಡುವವರ ಮುಖಗಳೇ ನನ್ನ ಕಣ್ಣ ಮುಂದೆ ಬರುತ್ತಿದ್ದವು. ಟ್ರಾಲಿಯ ಸಂಗತಿಯನ್ನು ಅವರು ಒಂದೂವರೆ ಪುಟದಲ್ಲಿ ಮುಗಿಸಿದ್ದರು. ಹತ್ತು ಪುಟ ಆಗಬೇಕು, ಆ ಗಂಡನ ಮನಸ್ಸಿನಲ್ಲಿ ಏನು ನಡೆದಿತ್ತು ಅದನ್ನೂ ಬರೆಯಿರಿ ಎಂದೆ.

“ಅವ ಏನ್ ವಿಚಾರ ಮಾಡಿದ್ನೋ ನನಗೇನು ಗೊತ್ತು ತಮ್ಮಾ, ನಾ ಟ್ರಾಲ್ಯಾಗ ಇದ್ದೆ” ಎಂದರು.

ನಾನು ಪಟ್ಟು ಬಿಡಲಿಲ್ಲ. ಒಂದು ದಿನ ಅವರು, ಸ್ವಲ್ಪ ನೋಡಿಕೊಂಡು ಕೊಡುತ್ತೇನೆ ಎಂದು ನೋಟ್‌ಬುಕ್ಕುಗಳನ್ನೆಲ್ಲ ಚೀಲದಲ್ಲಿ ಹಾಕಿಕೊಂಡು ಹೋದರು. ಸಂತೋಷದಿಂದಲೇ ಕೊಟ್ಟೆ. ಇನ್ನಷ್ಟು ಸೇರಿಸಿ ತರುತ್ತಾರೆಂದುಕೊಂಡೆ.

ಎರಡು ತಿಂಗಳ ನಂತರ, ಒಂದು ಮುಂಜಾನೆ ಚಹಾ ಕುಡಿಯುತ್ತ ಮೊಬೈಲ್ ನೋಡುತ್ತಿದ್ದೆ. ಗೆಳೆಯನ ಸ್ಟೇಟಸ್ಸಿನಲ್ಲಿ ಒಂದು ಮುಖಪುಟ. ಕತ್ತರಿ, ಚಿಮಟ ಹಾಕಿ ಕುದಿಸುವ ಹಳೆಯ ಸ್ಟೀಲ್ ಡಬ್ಬಿಯ ಚಿತ್ರ, ಅದರ ಕೆಳಗೆ ನರ್ಸಮ್ಮನ ಹೆಸರು. ನಾನು ತಂದಿದ್ದರೆ ತಾಯಿ-ಮಗುವಿನ ಬಣ್ಣದ ಚಿತ್ರ ಹಾಕಿಸುತ್ತಿದ್ದೆ. ಆ ಡಬ್ಬಿ ನನಗೆ ಹೊಳೆಯುತ್ತಲೇ ಇರಲಿಲ್ಲ. ಅದು ಗೊತ್ತಾದದ್ದಕ್ಕೇ ನನಗೆ ಹೆಚ್ಚು ಉರಿಯಿತು.

ಹೆಂಡತಿಗೆ ತೋರಿಸಿ, ನನ್ನ ಪುಸ್ತಕ ಕದ್ದಿದ್ದಾನೆ ಎಂದೆ. ಅವಳು ಒಳ್ಳೇ ಕಥೆ ಇದು ಎಂದು ಮೊಬೈಲ್ ಮರಳಿ ಕೊಟ್ಟಳು.

“ನೀವು ಎರಡು ವರ್ಷ ಇಟ್ಕೊಂಡ್ರಿ, ಅವರು ಎರಡು ತಿಂಗಳದಾಗ ತಂದ್ರು. ಕದಿಯೋದು ಎಲ್ಲಿ ಬಂತು?”

ಚಹಾ ಅರ್ಧಕ್ಕೇ ಬಿಟ್ಟು ಅಂಗಡಿಗೆ ಹೊರಟೆ.

ಬಿಡುಗಡೆ ಮಸ್ಕಿಯ ಒಂದು ಶಾಲೆಯಲ್ಲಿ. ಹೋಗಬಾರದೆಂದುಕೊಂಡವನು ಮೊದಲ ಬಸ್ಸಿಗೇ ಹೋದೆ. ಎಷ್ಟು ಜನ ಬರುತ್ತಾರೆ ನೋಡಬೇಕಿತ್ತು. ಬಹಳ ಜನ ಬಂದಿದ್ದರು. ಹಳ್ಳಿಗಳಿಂದ ಹೆಂಗಸರು ಗುಂಪಾಗಿ ಬಂದು, ಬೆಳೆದ ಮಕ್ಕಳನ್ನು ಮುಂದೆ ತಳ್ಳಿ, ಇವನೇ ನೋಡ್ರಿ ಅವ ಎಂದು ನರ್ಸಮ್ಮನಿಗೆ ತೋರಿಸುತ್ತಿದ್ದರು. ನನ್ನ ಪುಸ್ತಕಗಳ ಬಿಡುಗಡೆಗೆ ಬರುವವರು ಮಾಸ್ತರರು, ಅವರಲ್ಲೂ ಅರ್ಧ ಮಂದಿ ಭಾಷಣ ಮಾಡುವವರು. ನಾನು ಕೊನೆಯ ಸಾಲಿನಲ್ಲಿ ಕುಳಿತೆ. ಗೆಳೆಯ ವೇದಿಕೆಯ ಮೇಲೆ ಕೂರದೆ ಬಾಗಿಲ ಬಳಿ ನಿಂತು ನೀರು ಕೊಡುತ್ತಿದ್ದ. ಆ ಸಣ್ಣತನವಿಲ್ಲದ ನಡವಳಿಕೆಯೂ ನನಗೆ ಸೇರಲಿಲ್ಲ.

ನರ್ಸಮ್ಮ ಬರೆದು ತಂದ ಹಾಳೆಯನ್ನು ಮಡಚಿಟ್ಟು ಮಾತಾಡಿದರು.

“ಸಿಂಧನೂರಿನ ತಮ್ಮ ಬರೀರಿ ಅಂದ. ಅಂವ ಅನ್ನದಿದ್ರ ನಾ ಪೆನ್ನು ಹಿಡೀತಿದ್ದಿಲ್ಲ. ಲಿಂಗಸುಗೂರಿನ ತಮ್ಮ ಎಲ್ಲಾ ಓದಿ, ಸಾಕ್ರಿ ಅಂದ. ಹೆರಿಗ್ಯಾಗೂ ಹಂಗಾ. ತಿಣುಕವ್ವಾ ಅನ್ನೋದು ಒಂದು ಹೊತ್ತು, ಸಾಕು ತಡಿ ಅನ್ನೋದು ಒಂದು ಹೊತ್ತು. ಹೊತ್ತು ತಪ್ಪಿದ್ರ ಕೂಸಿಗೆ ತ್ರಾಸ.”

ಹೆಂಗಸರು ನಕ್ಕು ಚಪ್ಪಾಳೆ ಹೊಡೆದರು. ಮುಂದಿನ ಸಾಲಿನವರು ಹಿಂತಿರುಗಿ ನನ್ನನ್ನು ನೋಡಿದರು. ನಾನೂ ಚಪ್ಪಾಳೆ ಹೊಡೆದೆ. ಅವರು ಹೇಳಿದ್ದು ನಿಂದೆಯಲ್ಲ ಎಂದು ಗೊತ್ತಿತ್ತು. ಆದರೂ ಊಟಕ್ಕೆ ನಿಲ್ಲದೆ ಪುಸ್ತಕ ಕೊಂಡು ಬಸ್ ಹತ್ತಿದೆ.

ಮರುದಿನ ಅಂಗಡಿಯಲ್ಲಿ ಕೆಂಪು ಪೆನ್ನು ಹಿಡಿದು ಕುಳಿತೆ. ಓದುವುದಕ್ಕಲ್ಲ, ತಪ್ಪು ಹುಡುಕುವುದಕ್ಕೆ. ಮಧ್ಯಾಹ್ನದ ಹೊತ್ತಿಗೆ ಏಳು ಸಿಕ್ಕವು. ಒಂದೊಂದು ಸಿಕ್ಕಾಗಲೂ ಹಬ್ಬದ ಹೋಳಿಗೆ ತಿಂದಷ್ಟು ಸಂತೋಷ. ಟ್ರಾಲಿಯ ಪುಟಗಳಿಗೆ ಬಂದಾಗ ಪೆನ್ನು ಕೆಳಗಿಟ್ಟೆ. ಅದೇ ಒಂದೂವರೆ ಪುಟ. ಒಂದಕ್ಷರ ಹೆಚ್ಚಿಲ್ಲ. ಗಂಡ ಹಿಂತಿರುಗಿ ನೋಡುವಲ್ಲಿಗೆ ಮುಗಿದಿತ್ತು. ನಾನು ಕೇಳಿದ ಹತ್ತು ಪುಟ ಅವರು ಬರೆದಿದ್ದರೆ ಆ ಮನುಷ್ಯ ಮಾತಿನ ಭಾರಕ್ಕೇ ಸತ್ತುಹೋಗುತ್ತಿದ್ದ.

ಕೆಲವು ವಾರಗಳಾದ ಮೇಲೆ ಗೆಳೆಯನ ಫೋನ್ ಬಂತು. ಪ್ರತಿಗಳು ಮುಗಿದಿವೆ, ಮರುಮುದ್ರಣ ಮಾಡುತ್ತಿದ್ದೇನೆ ಎಂದ. ನಾನು ಒಳ್ಳೆಯದಾಯಿತು ಎಂದೆ.

“ತಪ್ಪಿನ ಪಟ್ಟಿ ಮಾಡಿರ್ತೀ ನೀ. ತಗೊಂಡು ಬಾ.”

ಅಂಥದ್ದೇನೂ ಇಲ್ಲ ಎಂದೆ. ಅವನು ನಕ್ಕ. ಆ ನಗೆಯನ್ನು ಬೆಂಚಿನ ಕಾಲದಿಂದ ಬಲ್ಲೆ. ಮೂರನೆಯ ದಿನ ಪಟ್ಟಿ ಕಿಸೆಯಲ್ಲಿಟ್ಟುಕೊಂಡು ಲಿಂಗಸುಗೂರಿಗೆ ಹೋದೆ.

ಅವನು ಕಂಪ್ಯೂಟರ್ ಮುಂದೆ ಕುಳಿತು ಒಂದೊಂದನ್ನೇ ತಿದ್ದಿದ. ಏಳನೆಯದಕ್ಕೆ ಬಂದು ನಿಂತ. ‘ನೆತ್ತರ’ ಎಂದಿದ್ದುದನ್ನು ನಾನು ‘ನೆತ್ತರು’ ಮಾಡಿದ್ದೆ. ಇದು ತಪ್ಪಲ್ಲ, ಆಕೆ ಹಾಗೇ ಮಾತಾಡುವುದು ಎಂದ. ವ್ಯಾಕರಣ ಹೇಳಿದೆ, ಅವನು ಒಪ್ಪಲಿಲ್ಲ. ಹಳೆಯ ದಿನಗಳಂತೆ ಒಂದು ತಾಸು ವಾದ ಮಾಡಿದೆವು. ಅವನೇ ಗೆದ್ದ. ಆಮೇಲೆ ನಾನು ಕೇಳಬೇಕೆಂದು ಬಂದಿದ್ದನ್ನು ಕೇಳಿದೆ, ನರ್ಸಮ್ಮ ನನ್ನನ್ನು ಬಿಟ್ಟು ನಿನ್ನ ಹತ್ತಿರ ಯಾಕೆ ಬಂದರು ಎಂದು.

“ಬಂದಿದ್ದು ಪುಸ್ತಕ ಮಾಡ್ಸಾಕಲ್ಲಲೇ. ಇದು ಮುಗಿದೈತೋ ಇಲ್ಲೋ ಅಷ್ಟು ಹೇಳು ಅಂತ ಬಂದಿದ್ರು. ನೀ ಓದೂಮುಂದ ನಿನ್ನ ಪುಸ್ತಕ ಹುಡುಕ್ತಿ. ನನಗ ಅಷ್ಟು ಶಾಣ್ಯಾತನ ಇಲ್ಲ, ಎದುರಿಗೆ ಏನೈತಿ ಅದನ್ನಷ್ಟಾ ನೋಡ್ತೀನಿ.”

ಅವನ ಹೆಂಡತಿ ರೊಟ್ಟಿ, ಪುಂಡಿಪಲ್ಯ ಬಡಿಸಿದರು. ಉಂಡು ಬಂದೆ.

ನನ್ನ ಕಪಾಟಿನಲ್ಲಿ ಇನ್ನೂ ಬರೆಯಿರಿ ಎಂದು ಹೇಳಿ ಇಟ್ಟುಕೊಂಡ ಹಸ್ತಪ್ರತಿಗಳು ನಾಲ್ಕಿದ್ದವು. ತುರ್ವಿಹಾಳದ ಒಬ್ಬರದು ಮೂರು ವರ್ಷದಿಂದ ಇತ್ತು. ಅವರು ಕಾಲುವೆಯ ಗೇಟು ಕಾಯುತ್ತಿದ್ದವರು, ನೀರಿಗಾಗಿ ಮೇಲಿನ ಹೊಲದವರಿಗೂ ಕೆಳಗಿನ ಹೊಲದವರಿಗೂ ಆದ ಜಗಳಗಳನ್ನು ಬರೆದಿದ್ದರು. ಅದನ್ನು ಹೊರತೆಗೆದು ಒಂದೇ ಸಲಕ್ಕೆ ಕುಳಿತು ಓದಿದೆ. ಮುಗಿದೇ ಇತ್ತು. ಕೊನೆಗೆ ನಾನು ಹೇಳಿ ಸೇರಿಸಿದ ಎರಡು ಅಧ್ಯಾಯಗಳೇ ಜಾಸ್ತಿಯಾಗಿದ್ದವು.

ಫೋನ್ ಮಾಡಿ ಕರೆದೆ. ಬಂದು ಕುಳಿತರು. ಆ ಎರಡು ಅಧ್ಯಾಯ ತೆಗೆದು ಈ ವರ್ಷವೇ ಪುಸ್ತಕ ತರುತ್ತೇನೆ ಎಂದೆ. ಅವರು ಕಣ್ಣು ಒರೆಸಿಕೊಂಡು, ಸಂಕೋಚದಿಂದ ಒಂದು ಮಾತು ಕೇಳಿದರು.

“ಲಿಂಗಸುಗೂರಿನವರು ನರ್ಸಮ್ಮಂದು ಮಾಡ್ಯಾರಲ್ರೀ, ಅಂಥಾದ್ದು ಆಗತೈತೇನ್ರೀ?”

ಆಗುತ್ತದೆ ಎಂದೆ. ಮುಖಪುಟಕ್ಕೆ ಗೇಟು ಎತ್ತುವ ಚಕ್ರದ ಚಿತ್ರ ಏನಾದರೂ ನಿಮ್ಮ ಹತ್ತಿರ ಇದೆಯೇ ಎಂದು ಕೇಳಿದೆ.